ನಮಗೂ ಒಂಚೂರು ಕೆಂಪು ಹಚ್ರಿ

ಗೆಳೆಯರೇ, ಇಂದು ಮಾನ್ವಿಯ ಸಭೆಯಲ್ಲಿ ನನ್ನ ನಕ್ಷೆ ನೋಡಿ ಎರಡು ಊರಿನವರು ಕಿತ್ತಾಡಿದರು. ಅಕ್ಕಿ ಮಿಲ್ಲಿನ ಕೊಳಕು ನೀರು ಹಳ್ಳದಲ್ಲಿ ಎಲ್ಲಿಯವರೆಗೆ ಹರಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಮಿಲ್ಲಿನ ಕೆಳಗಿನ ಊರಿಗೆ ಕೆಂಪು, ಮೇಲಿನ ಊರಿಗೆ ಹಸಿರು ಬಳಿದಿದ್ದೆ.

ಮೇಲಿನ ಊರಿನ ಹಿರಿಯರೊಬ್ಬರು ಎದ್ದರು. "ಕೆಂಪು ಇದ್ದವರಿಗೆ ಫಿಲ್ಟರ್ ನೀರಿನ ಮಷೀನ್ ಬರ್ತದಂತ. ನಾವೇನ್ ಪಾಪ ಮಾಡೀವಿ? ನಮಗೂ ಒಂಚೂರು ಕೆಂಪು ಹಚ್ರಿ!"

"ನೀರು ಮ್ಯಾಲಕ್ಕ ಹರಿಯಂಗಿಲ್ರೀ ಯಜಮಾನ್ರ," ಎಂದೆ.

"ನಿಮ್ಮ ಕಂಪ್ಯೂಟರ್‌ನಾಗ ಹರಿಸ್ರಿ!"

ಕೆಳಗಿನ ಊರಿನ ಅಜ್ಜಿಯೊಬ್ಬರು ಹಿಂದಿನ ಸಾಲಿನಿಂದ ಕೂಗಿದರು: "ಆ ಮಷೀನ್ ನೀವ ಇಟ್ಗೊಳ್ರಿ ಯಪ್ಪಾ, ನಿಮ್ಮ ಹಸರು ನಮಗ ಕೊಡ್ರಿ."

ನನ್ನ ಲೆಕ್ಕದಲ್ಲಿ ಕೊಳಕು ಕೆಳಕ್ಕಷ್ಟೇ ಹರಿಯುತ್ತದೆ. ಹೊಟ್ಟೆಕಿಚ್ಚಿಗೆ ಇಳಿಜಾರೇ ಬೇಕಿಲ್ಲ.