ಬೆಳಕಿಂಡಿಯನ್ನು ಎರಡು ಅಡಿ ಸರಿಸಿದ್ದು

ನಿನ್ನೆ ಮಧ್ಯಾಹ್ನ ಪಡಸಾಲೆಯ ಎರಡನೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಪೇಪರು ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಮರ್ಯಾದೆಯ ಮಾತು, ತೂಕಡಿಸುತ್ತಿದ್ದೆ. ಎಡಗಾಲಿನ ಹೆಬ್ಬೆರಳು ಇದ್ದಕ್ಕಿದ್ದಂತೆ ಬೆಚ್ಚಗಾಯಿತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ರೊಟ್ಟಿಯಗಲದ ಬಿಸಿಲು ನೆಲದ ಮೇಲೆ ಸರಿಯುತ್ತ ಬಂದು ಅಲ್ಲಿಗೆ ಮುಟ್ಟಿತ್ತು. ನೀವಾಗಿದ್ದರೆ ಕಾಲು ಎಳೆದುಕೊಳ್ಳುತ್ತಿದ್ದಿರಿ. ನನಗೆ ಹೆಬ್ಬೆರಳು ಬೆಚ್ಚಗಾದರೆ ಮೊದಲು ನೀಲತ್ತೆ ನೆನಪಾಗುತ್ತಾಳೆ, ಆಮೇಲೆ ನಾನು ಕೈಯಾರೆ ಮಾಡಿದ ಮನೆ ರಿಪೇರಿ ನೆನಪಾಗುತ್ತದೆ, ಕೊನೆಗೆ ಹಸಿವಾಗುತ್ತದೆ.

ನೀಲತ್ತೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸುರೇಬಾನದ ಈ ಮನೆಗೆ ಬಂದವಳು, ಬಂದ ದಿನ ಒಲೆಯ ಮುಂದೆ ಕುಳಿತಳಂತೆ. ಆಮೇಲೆ ಆ ಜಾಗವನ್ನು ನನ್ನ ಅವ್ವನಿಗೂ ಬಿಡಲಿಲ್ಲ, ನನ್ನ ಹೆಂಡತಿ ಸರೋಜಾಳಿಗೂ ಬಿಡಲಿಲ್ಲ. ರೊಟ್ಟಿ ಬಡಿದು ಮುಗಿಸಿ, ಇದೇ ಕಂಬಕ್ಕೆ ಒರಗಿ ಕಾಲು ಚಾಚುವಳು. ಬೆಳಕಿಂಡಿಯ ಬಿಸಿಲು ಹೆಬ್ಬೆರಳಿಗೆ ಬಂದೊಡನೆ ಕೂಗು ಹಾಕುವಳು: "ಬಿಸಲ ಬಂತು! ಏಳ್ರಿ ಊಟಕ್ಕ!" ಚಳಿಗಾಲಕ್ಕೊಂದು, ಬೇಸಿಗೆಗೊಂದು ಲೆಕ್ಕವಿತ್ತು, ಅದಕ್ಕೆ ತಕ್ಕಂತೆ ಕಾಲನ್ನು ಅಷ್ಟಿಷ್ಟು ಚಾಚುವಳು ಇಲ್ಲವೇ ಮಡಚುವಳು. ಮೋಡ ಕವಿದ ದಿನ ಆಕೆಯ ಅಂದಾಜೇ ಗಂಟೆ. ಯಾರೂ ಎದುರಾಡಿದ್ದಿಲ್ಲ.

ಆ ಕೂಗು ನಮ್ಮ ಮನೆಗೆ ಮಾತ್ರ ಸೇರಿದ್ದಲ್ಲ. ಪಕ್ಕದ ಮನೆಯ ಟೇಲರ್ ಮಾಬುಸಾಬರು ಅದನ್ನು ಕೇಳಿದೊಡನೆ ಹೊಲಿಗೆ ಯಂತ್ರ ನಿಲ್ಲಿಸಿ ಕೈ ತೊಳೆಯುತ್ತಿದ್ದರು. ಅವರ ಜೇಬಿನಲ್ಲಿ ಮೊಬೈಲು ಇತ್ತು, ಮೊಬೈಲಿನಲ್ಲಿ ಗಂಟೆಯೂ ಇತ್ತು. ಆದರೆ ಮೊಬೈಲು ಇರುವುದು ಮಾತಾಡಲಿಕ್ಕೆ, ಹೊತ್ತು ಹೇಳಲಿಕ್ಕೆ ನೀಲವ್ವಕ್ಕ ಇದ್ದಾಳೆ ಎಂಬುದು ಅವರ ನಂಬಿಕೆ.

ಇಷ್ಟು ಸರಿಯಾಗಿ ನಡೆಯುತ್ತಿದ್ದ ಜಗತ್ತಿನೊಳಗೆ ನಾನು ನಿವೃತ್ತನಾಗಿ ಬಂದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ಮನೆಯಲ್ಲಿ ಕುಳಿತು ನೋಡುತ್ತೇನೆ, ಒಂದು ಗೋಡೆಯೂ ನೆಟ್ಟಗಿಲ್ಲ, ಒಂದು ಮೂಲೆಯೂ ಲಂಬಕೋನವಿಲ್ಲ! ಫೋನಿನಲ್ಲಿ ಒಂದಷ್ಟು ವಿಡಿಯೋ ನೋಡಿದೆ. ಯಾವ ಗೌಂಡಿಯೂ ಬೇಡ, ಒಂದೊಂದೇ ಕೋಣೆ ಹಿಡಿದು ನಾನೇ ಮನೆಯನ್ನು ಹೊಸದು ಮಾಡುತ್ತೇನೆ ಎಂದು ಸಾರಿದೆ.

"ಕ್ಯಾಲೆಂಡರಿಗೆ ಒಂದ ಮೊಳಿ ಹೊಡದ್ರ ಗ್ವಾಡಿ ಬಿಟ್ಟ ಬೆರಳಿಗೆ ಹೊಡ್ಕೋತೀರಿ," ಎಂದಳು ಸರೋಜಾ. ನೀಲತ್ತೆ ಮಾತ್ರ, "ಮಾಡಲಿ ಬಿಡ. ಒಲಿಗೆ ಕೈ ಹಚ್ಚಬ್ಯಾಡ ಅಂತ ಹೇಳ, ಸಾಕು," ಎಂದಳು.

ಮೊದಲು ಹಿಡಿದದ್ದು ಅಡುಗೆಮನೆ. ಒಲೆಯ ಬಲಕ್ಕೆ ಗೋಡೆಯಲ್ಲಿ ಒಂದು ಗೂಡು ಇತ್ತು, ಕಡ್ಡಿಪೆಟ್ಟಿಗೆ ಇಡುವ ಜಾಗ. ಸೊಟ್ಟ ಗೂಡು. ಅದನ್ನು ಮುಚ್ಚಿ, ಮೇಲೆ ಸಿಮೆಂಟು ಮೆತ್ತಿ, ಗೋಡೆಯನ್ನು ನುಣ್ಣಗೆ ಮಾಡಿದೆ. ಮರುದಿನ ಬೆಳಿಗ್ಗೆ ನೀಲತ್ತೆ ಒಲೆ ಹೊತ್ತಿಸಿ, ಕಡ್ಡಿಪೆಟ್ಟಿಗೆಯನ್ನು ಆ ನುಣ್ಣನೆಯ ಗೋಡೆಯ ಮೇಲೆ ಇಟ್ಟಳು. ಅದು ಕೆಳಗೆ ಬಿತ್ತು. ಎತ್ತಿ ಮತ್ತೆ ಗೋಡೆಗೇ ಇಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ನನಗೆ ಸಿಟ್ಟು ಬಂತು. ನನ್ನ ಕೆಲಸವನ್ನು ಅಣಕಿಸುವ ರೀತಿ ಇದು ಎಂದುಕೊಂಡೆ.

ಮುಂದೆ ನಡುಮನೆ. ಅಲ್ಲಿಂದ ಪಡಸಾಲೆಗೆ ಬರುವಾಗ ಒಂದು ಮೆಟ್ಟಿಲು ಹತ್ತಬೇಕಿತ್ತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ನಡುಮನೆಯ ನೆಲ ಏರಿಸಿ ಎರಡನ್ನೂ ಸಮ ಮಾಡಿದೆ. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ನಟ್ಟನಡುವೆ ನಿಂತಿತು. ಆದರೆ ನೀಲತ್ತೆ ಅಲ್ಲಿಗೆ ಬಂದಾಗಲೆಲ್ಲ ಕಾಲನ್ನು ಮೊಳದೆತ್ತರ ಎತ್ತಿ, ಇಲ್ಲದ ಮೆಟ್ಟಿಲನ್ನು ಹತ್ತಿ, ಧೊಪ್ಪನೆ ಇಳಿಯುತ್ತಿದ್ದಳು. ದಿನಕ್ಕೆ ಹತ್ತು ಸಲ. ನಾನು ಬೇಕೆಂದೇ ಆಕೆಯ ಕಡೆ ನೋಡುವುದನ್ನು ಬಿಟ್ಟೆ.

ಕೊನೆಗೆ ಪಡಸಾಲೆಗೆ ಬಂದೆ. ಬಿಳಿ ಟೈಲ್ಸ್ ಹಾಸಿದೆ. ತಲೆಯೆತ್ತಿ ನೋಡಿದರೆ ಬೆಳಕಿಂಡಿ ನಡುವೆ ಇಲ್ಲ, ಎರಡು ಅಡಿ ಪಶ್ಚಿಮಕ್ಕೆ ಸರಿದು ಕುಳಿತಿದೆ! ಗಣಿತದ ಮಾಸ್ತರ ಇದನ್ನು ಸಹಿಸುವುದು ಹೇಗೆ ಹೇಳಿ? ಮಾಳಿಗೆ ಹತ್ತಿ, ನಡು ಅಳೆದು, ಹೊಸ ತೂತು ಕೊರೆದೆ. ಬುಟ್ಟಿಗಟ್ಟಲೆ ಮಣ್ಣು ಕೆಳಗೆ ನಿಂತು ಏಣಿ ಹಿಡಿದಿದ್ದ ಮಾಬುಸಾಬರ ತಲೆಯ ಮೇಲೆ ಬಿತ್ತು. ಹೊಸದಕ್ಕೆ ಗಾಜು ಕೂಡಿಸಿ, ಹಳೆಯದನ್ನು ಮುಚ್ಚಿ ಇಳಿದು ಬಂದೆ.

ಮರುದಿನ ನಮ್ಮ ಓಣಿ ಮುಕ್ಕಾಲು ತಾಸು ಮುಂಚಿತವಾಗಿ ಉಂಡಿತು.

ಬೆಳಕಿಂಡಿ ಪೂರ್ವಕ್ಕೆ ಸರಿದರೆ ಬಿಸಿಲೂ ಪೂರ್ವಕ್ಕೆ ಸರಿಯುತ್ತದೆ, ಕಂಬದ ಬಳಿಗೆ ಬೇಗ ಬರುತ್ತದೆ. ಇದು ನನಗೆ ಹೊಳೆಯಲು ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಮಾಬುಸಾಬರು ಬಸ್ ನಿಲ್ದಾಣದಲ್ಲಿ ಜಗಳ ಆಡಿ ಬಂದಿದ್ದರು. ನೂಲು, ಗುಂಡಿ ತರಲು ಅವರು ಊಟ ಮುಗಿಸಿ ರಾಮದುರ್ಗದ ಒಂದು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು. "ಯಾಕ್ರಿ ಇಷ್ಟ ತಡಾ?" ಎಂದು ಕೇಳಿದ್ದಕ್ಕೆ ಕಂಡಕ್ಟರು ಕೈಗಡಿಯಾರ ತೋರಿಸಿದನಂತೆ. ಇವರು, "ಆ ಗಡಿಯಾರ ತಗೊಂಡ ಏನ ಮಾಡೂನ್ರಿ? ನೀಲವ್ವಕ್ಕ ಕರದ ತಾಸಿನ ಮ್ಯಾಲ ಆತು!" ಎಂದರಂತೆ. ಕಂಡಕ್ಟರು ಟಿಕೆಟ್ ಹರಿದು ಕೈಗಿಟ್ಟನಂತೆ.

ನೀಲತ್ತೆಗೆ ನಾನು ತಿಳಿಸಿ ಹೇಳಿದೆ. "ಹೌದೋ ತಮ್ಮಾ, ಈಗೀಗ ಹೊತ್ತ ಭಾಳ ಲಗೂ ಏರಾಕತ್ತೈತಿ," ಎಂದಳು, ತಪ್ಪು ಸೂರ್ಯನದೆಂಬಂತೆ. ಎರಡು ಅಡಿ ಸರಿದು ಕುಳಿತುಕೋ ಎನ್ನಲು ಕಂಬ ಸರಿಯುವುದಿಲ್ಲ. ಹಾಗಾಗಿ ನಾನು ಕೆಂಪು ಬಣ್ಣ ತಂದು, ಆಕೆಯ ಹೆಬ್ಬೆರಳಿನಿಂದ ಎರಡು ಅಡಿ ಆಚೆ ಬಿಳಿ ಟೈಲ್ಸಿನ ಮೇಲೆ ಅಂಗೈಯಗಲದ ಗೆರೆ ಎಳೆದೆ.

"ಅತ್ತಿ, ಇನ್ನ ಮ್ಯಾಲೆ ಬಿಸಲ ಈ ಗೆರಿಗೆ ಬಂದಾಗ ಊಟ."

"ಆತು ತಮ್ಮಾ."

ಮರುದಿನ ಬಿಸಿಲು ಹೆಬ್ಬೆರಳಿಗೆ ಬಂತು. "ಬಿಸಲ ಬಂತು! ಏಳ್ರಿ ಊಟಕ್ಕ!"

ನನಗೆ ತಡೆಯಲಾಗಲಿಲ್ಲ. "ಅಷ್ಟ ದೊಡ್ಡ ಕೆಂಪ ಗೆರಿ ಕಾಣಂಗಿಲ್ಲೇನ ನಿನಗ?" ಎಂದು ಚೀರಿದೆ.

ನೀಲತ್ತೆ ನೆಲದ ಮೇಲೆ ಕೈ ಆಡಿಸಿದಳು. ಗೆರೆ ಬಲಕ್ಕಿತ್ತು, ಆಕೆ ಎಡಕ್ಕೆ ಸವರುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಎಲ್ಲೈತೋ ತಮ್ಮಾ?"

ಬಿದ್ದ ಕಡ್ಡಿಪೆಟ್ಟಿಗೆ ನೆನಪಾಯಿತು. ಇಲ್ಲದ ಮೆಟ್ಟಿಲು ನೆನಪಾಯಿತು. ನಾನು ಆಕೆಯ ಎದುರು ಕುಳಿತೆ.

"ಎಷ್ಟ ದಿನಾ ಆತು ಅತ್ತಿ?"

"ಮೂರ ವರ್ಷ ಆಗಿರಬೇಕು. ಬೆಳಕ, ಕತ್ತಲಿ ಅಷ್ಟ ತಿಳೀತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಒಲಿ ಮುಂದಿಂದ ಎಬ್ಬಸ್ತಿದ್ರಿ. ಒಲಿ ಬಿಟ್ಟ ನಾ ಈ ಮನ್ಯಾಗ ಏನಂತ ಕುಂದ್ರಲಿ?" ನೆಲದ ಮೇಲಿಂದ ಕೈ ತೆಗೆದು ಹೇಳಿದಳು: "ಮನಿ ನನ್ನ ಕೈ ಹಿಡದ ನಡಸ್ತಿತ್ತೋ ತಮ್ಮಾ. ನೀ ಒಂದೊಂದ ಬೆರಳ ಬಿಡಿಸಿದಿ."

ಆ ದಿನದಿಂದ ನನ್ನ ಎರಡನೆಯ ರಿಪೇರಿ ಶುರುವಾಯಿತು. ಹೊಸ ನೆಲ ಅಗೆದು ಹಳೆಯ ಮೆಟ್ಟಿಲು ಎಬ್ಬಿಸಿದೆ. ನುಣ್ಣನೆಯ ಗೋಡೆಗೆ ಉಳಿ ಹಿಡಿದು, ಗೂಡನ್ನು ಮೊದಲಿನಷ್ಟೇ ಸೊಟ್ಟಗೆ ತೆಗೆಯಲು ಎರಡು ದಿನ ಒದ್ದಾಡಿದೆ. ಬೇಡವೆಂದಾಗ ಬರುವ ಸೊಟ್ಟ ಬೇಕೆಂದಾಗ ಬರುವುದಿಲ್ಲ. "ಮಾಸ್ತರ, ನಿನ್ನೆ ಮುಚ್ಚಿದ್ದ ಇವತ್ತ ಯಾಕ ತಗ್ಯಾಕತ್ತೀರಿ?" ಎಂದು ಕೇಳುತ್ತಲೇ ಮಾಬುಸಾಬರು ಮತ್ತೆ ಏಣಿ ಹಿಡಿದರು, ಈ ಸಲ ತಲೆಗೆ ಗೋಣಿಚೀಲ ಹೊದ್ದು. ಬೆಳಕಿಂಡಿಯನ್ನು ಹಿಂದಕ್ಕೆ ಒಯ್ಯುವಾಗ ಅಳತೆಯಲ್ಲಿ ನಾಲ್ಕು ಬೆರಳು ತಪ್ಪಿತು. ಹೀಗಾಗಿ ನಮ್ಮ ಪಡಸಾಲೆಯ ಬಿಸಿಲು ಇಂದಿಗೂ ದೇಶಕ್ಕಿಂತ ಐದಾರು ನಿಮಿಷ ಮುಂದಿದೆ.

ಬೈಲಹೊಂಗಲದ ಕಣ್ಣಿನ ಡಾಕ್ಟರು ಪೊರೆ ತೆಗೆದರು. ಒಲೆ ತನ್ನದೇ ಎಂದು ಸರೋಜಾಳ ಬಾಯಿಂದ ಹೇಳಿಸಿಕೊಂಡ ಮೇಲೆಯೇ ನೀಲತ್ತೆ ಒಪ್ಪಿದ್ದು. ಹದಿನೈದು ದಿನ ಒಲೆಯ ಹತ್ತಿರ ಹೋಗಬಾರದು ಎಂದಿದ್ದರು. ಆಕೆ ಬಾಗಿಲಲ್ಲಿ ಕುಳಿತು, "ಸರೂ, ರೊಟ್ಟಿ ದಪ್ಪ ಆತು, ಸಪ್ಪಳ ಬ್ಯಾರೆ ಬರಾಕತ್ತೈತಿ," ಎನ್ನುತ್ತ ಕಾಲ ಕಳೆದಳು. ಒಂದು ಕಣ್ಣಿಗೆ ಚೆನ್ನಾಗಿ ದೃಷ್ಟಿ ಬಂತು. ಅಂದು ನನ್ನ ಕೈಕೆಲಸವನ್ನೆಲ್ಲ ಮೊದಲ ಸಲ ಕಣ್ಣಾರೆ ಕಂಡಳು.

"ಅಯ್ಯ ನನ ಶಿವನ! ಪಡಸಾಲಿ ಹೋಗಿ ಬಚ್ಚಲಾ ಮಾಡೀಯಲ್ಲೋ!" ಎಂದಳು. ಕೆಂಪು ಗೆರೆಯ ಮುಂದೆ ಬಗ್ಗಿ ನಿಂತು, "ಗಣಿತದ ಮಾಸ್ತರ ಇದ್ದಿಯಂತ. ಗೆರಿ ಸೊಟ್ಟ ಐತಿ," ಎಂದಳು. ಹೌದು, ಸೊಟ್ಟ ಇತ್ತು.

ಕಣ್ಣು ಬಂದ ಮೇಲೂ ಆಕೆ ಹೊತ್ತು ನೋಡುವಾಗ ಕಣ್ಣು ಮುಚ್ಚಿಯೇ ಕೂಡುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಕಣ್ಣ ತಗದ್ರ ನಿನ್ನ ಟೈಲ್ಸ ಕಾಣತಾವು," ಎನ್ನುವಳು. ಕೊನೆಯ ದಿನದವರೆಗೂ ರೊಟ್ಟಿ ಬಡಿದಳು. ಆಕೆ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಸರೋಜಾ ಗೋಡೆಯ ಗಡಿಯಾರ ನೋಡಿ ಬಡಿಸುತ್ತಾಳೆ, ಮಾಬುಸಾಬರು ಹಸಿದಾಗ ಉಣ್ಣುತ್ತಾರೆ. ಆಕೆ ಮಲಗುತ್ತಿದ್ದ ಕೋಣೆಯೊಂದನ್ನು ಮಾತ್ರ ನಾನು ಮುಟ್ಟಿಲ್ಲ. ಅಲ್ಲಿಯ ಗೋಡೆಗಳು ಸೊಟ್ಟಗೇ ಇವೆ, ಇರಲಿ.

ನಿನ್ನೆ ಹೆಬ್ಬೆರಳು ಬೆಚ್ಚಗಾದಾಗ ನಾನು ಗಡಿಯಾರದ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿಯೇ ಇದ್ದೆ. ಏನೆನ್ನಿಸಿತೋ, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ: "ಬಿಸಲ ಬಂತು! ಏಳ್ರಿ ಊಟಕ್ಕ!"

ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಮಾಬುಸಾಬರು ಕೈ ತೊಳೆಯುವ ಸಪ್ಪಳ ಕೇಳಿಸಿತು.