ಬದರಿನಾಥ ಮೇಷ್ಟ್ರು ಹಾಕಿದ ಹನ್ನೆರಡು

ಜೆ.ಪಿ. ನಗರದಿಂದ ಸಾರಕ್ಕಿ ಕಡೆಗೆ ಇಳಿಯುವ ಅಡ್ಡರಸ್ತೆಯಲ್ಲಿ, ಕೆಳಗೆ ಮೆಡಿಕಲ್ ಶಾಪು, ಮೇಲೆ ಮೂರು ಅಂತಸ್ತಿನ ತರಗತಿಗಳಿರುವ ಒಂದು ಖಾಸಗಿ ಹೈಸ್ಕೂಲು. ಅಲ್ಲಿ ಬದರಿನಾಥರು ಗಣಿತದ ಮೇಷ್ಟ್ರು. ಮಕ್ಕಳು ಇಟ್ಟ ಹೆಸರು ‘ಅರ್ಧ ಮಾರ್ಕ್ ಮೇಷ್ಟ್ರು’. ಉತ್ತರವೆಲ್ಲ ಸರಿಯಿದ್ದು ಕೊನೆಗೆ ‘ಸೆಂ.ಮೀ.’ ಬರೆಯದಿದ್ದರೆ ಅರ್ಧ ಅಂಕ ಹೋಯಿತು ಅಂತಲೇ. ಅತ್ತರೂ ಅಷ್ಟೇ, ಜಪ್ಪಯ್ಯ ಅಂದರೂ ಅಷ್ಟೇ. ಜಯನಗರದ ಮನೆಯಲ್ಲಿ ಹೆಂಡತಿ ಸೀತಾಲಕ್ಷ್ಮಿ ಬಡಿಸುವಾಗ, “ಇವತ್ತಿನ ಸಾರಿಗೆ ಎಷ್ಟು ಹಾಕ್ತೀರಿ?” ಅಂತ ಕೆಣಕುವರು. ಮಹರಾಯರು ಇನ್ನೊಂದು ತುತ್ತು ತಿಂದು ನೋಡಿ, “ಏಳೂವರೆ” ಅನ್ನುವರು. ತಮಾಷೆಗಲ್ಲ, ನಿಜವಾಗಿ!

ಬೈದುಕೊಳ್ಳುವವರು ಬೇಕಾದಷ್ಟಿದ್ದರು. ಆದರೆ ಮುಖ ನೋಡಿ ಮಣೆ ಹಾಕುತ್ತಾರೆ ಅಂತ ಒಬ್ಬರೂ ಅಂದದ್ದಿಲ್ಲ. ಆ ಒಂದು ಮಾತಿನ ಮೇಲೆ ಅವರು ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದರು.

ಹತ್ತನೇ ತರಗತಿಯಲ್ಲಿ ನೂರರ ಪೈಕಿ ಎಂಬತ್ತು ಅಂಕ ಬೋರ್ಡ್ ಪರೀಕ್ಷೆಯದು. ಉಳಿದ ಇಪ್ಪತ್ತು ಶಾಲೆಯೇ ಹಾಕುವುದು, ವರ್ಷವಿಡೀ ನಡೆದ ಟೆಸ್ಟು, ಪ್ರಾಜೆಕ್ಟು ನೋಡಿಕೊಂಡು. ಯಾರು ನೋಡುತ್ತಾರೆ ಹೇಳಿ? ಆ ಶಾಲೆಯ ಮಿಕ್ಕ ಮೇಷ್ಟ್ರುಗಳು ಕಣ್ಣುಮುಚ್ಚಿ ಎಲ್ಲರಿಗೂ ಇಪ್ಪತ್ತು ಬರೆದು, ಟೀ ಕುಡಿದು ಮನೆಗೆ ಹೋಗುವರು. ಬದರಿನಾಥರು ಮಾತ್ರ ಒಂದೊಂದು ಟೆಸ್ಟನ್ನೂ ಕೂಡಿಸಿ, ಭಾಗಿಸಿ, ಬಂದಷ್ಟೇ ಹಾಕುವರು.

ಈ ವರ್ಷ ಅವರ ತರಗತಿಯಲ್ಲಿ ಚೈತ್ರ ಅಂತ ಒಬ್ಬ ಹುಡುಗಿ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮುನಿವೆಂಕಟಮ್ಮನ ಮೊಮ್ಮಗಳು. ಲೆಕ್ಕದಲ್ಲಿ ಬಲು ಚುರುಕು. ಬೋರ್ಡಿನ ಮೇಲೆ ಮೇಷ್ಟ್ರು ತಪ್ಪಿದರೆ ಎದ್ದು ಹೇಳುವಷ್ಟು ಧೈರ್ಯ. ಅವಳೆಂದರೆ ಅವರಿಗೆ ಪ್ರಾಣ. ಅಜ್ಜಿಗೆ ಕಣ್ಣಿನ ಆಪರೇಷನ್ ಆದಾಗ ಅಂಗಡಿಗೆ ಕೂರುವವರಿಲ್ಲದೆ ಹುಡುಗಿ ಎರಡು ಟೆಸ್ಟು ತಪ್ಪಿಸಿಕೊಂಡಳು. ತಾನೇ ಕಾಯಿಲೆ ಬಿದ್ದು ಡಾಕ್ಟರ ಚೀಟಿ ತಂದರೆ ಮಾತ್ರ ಮರುಟೆಸ್ಟು ಅಂತ ಮೇಷ್ಟ್ರದೇ ನಿಯಮ. ಅವರ ಕರುಳು ಚುರುಕ್ ಅಂದಿತು. ಆದರೂ ಇಪ್ಪತ್ತಕ್ಕೆ ಹನ್ನೆರಡು ಹಾಕಿದರು. ಬೋರ್ಡ್ ಪರೀಕ್ಷೆಯಲ್ಲಿ ಹೇಗೂ ಬಾಚುತ್ತಾಳೆ ಬಿಡು ಅಂದುಕೊಂಡರು. ಶಾಲೆಯ ಕಟ್ಟಡದ ಮಾಲೀಕ ಚಿಕ್ಕಬೈರಪ್ಪನ ಮೊಮ್ಮಗ ದೀಪಕ್‌ಗೆ ಒಂಬತ್ತು ಬಂದಿತ್ತು. ಒಂಬತ್ತೇ ಹಾಕಿದರು.

ಅಂಕಗಳನ್ನು ಬೋರ್ಡಿಗೆ ಕಳಿಸುವ ಮುಂಚೆ ಒಂದು ಶನಿವಾರ ಪೋಷಕರಿಗೆ ತೋರಿಸುವುದು ಆ ಶಾಲೆಯ ಪದ್ಧತಿ. ಚಿಕ್ಕಬೈರಪ್ಪ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದು, “ಏನ್ ಮೇಷ್ಟ್ರೇ, ನಮ್ ಹುಡ್ಗಂದು ಸ್ವಲ್ಪ ನೋಡಿ” ಅಂದರು. ಮೇಷ್ಟ್ರು ಕೈಮುಗಿದು, “ನೋಡೇ ಹಾಕಿರೋದು” ಅಂದರು. ಚಿಕ್ಕಬೈರಪ್ಪ ಸೀದಾ ಎದ್ದು ಮುಖ್ಯೋಪಾಧ್ಯಾಯಿನಿ ಶಾಲಿನಿ ಮೇಡಂ ಕೋಣೆಗೆ ನಡೆದರು. ಅವರ ಹಿಂದೆ ಮಿಕ್ಕ ಪೋಷಕರೂ ಸಾಲುಗಟ್ಟಿದರು. ಯಾರ ಮುಲಾಜಿಗೂ ಬೀಳಲಿಲ್ಲವಲ್ಲ ಅಂತ ಬದರಿನಾಥರು ಅವತ್ತು ಬೀಗುತ್ತ ಮನೆಗೆ ಹೋದರು.

ಫಲಿತಾಂಶ ಬಂತು. ಆಫೀಸಿನಲ್ಲಿ ಅಂಕಪಟ್ಟಿ ಹಂಚಲು ಕೂತ ಮೇಷ್ಟ್ರು ದೀಪಕ್‌ನದು ನೋಡಿದರೆ, ಗಣಿತಕ್ಕೆ ಶಾಲೆಯ ಅಂಕ ಇಪ್ಪತ್ತು! ಮುಂದಿನವನದೂ ಇಪ್ಪತ್ತು. ಅದರ ಮುಂದಿನದೂ. ಚೈತ್ರಳದು ಮಾತ್ರ ಹನ್ನೆರಡು. ಜಯನಗರದ ಕಾಲೇಜೊಂದರಲ್ಲಿ ತೊಂಬತ್ತು ಪರ್ಸೆಂಟ್ ಮೇಲಿದ್ದರೆ ಸೈನ್ಸಿಗೆ ಫೀಸಿಲ್ಲ. ಹುಡುಗಿ ವರ್ಷವಿಡೀ ಜಪಿಸಿದ್ದು ಅದನ್ನೇ. ಅದಕ್ಕೆ ಒಟ್ಟು ಅಂಕದಲ್ಲಿ ಐದು ಕಡಿಮೆ ಬಿದ್ದಿತ್ತು. ಮೇಷ್ಟ್ರು ಕಳೆದದ್ದು ಎಂಟು.

“ಏನಿದು ಮೇಡಂ?” ಅಂತ ಕೋಣೆಗೆ ನುಗ್ಗಿದರು.

“ಕೇಳ್ಕೊಂಡು ಬಂದೋರಿಗೆಲ್ಲ ಮಾಡ್ಕೊಟ್ಟೆ ಸಾರ್” ಅಂದರು ಶಾಲಿನಿ ಮೇಡಂ, ಏನೂ ಆಗದವರಂತೆ. “ಬೇರೆ ಸ್ಕೂಲಲ್ಲಿ ಎಲ್ರಿಗೂ ಫುಲ್ ಹಾಕ್ತಾರೆ. ನಮ್ ಮಕ್ಳು ಯಾಕೆ ಹಿಂದೆ ಬೀಳ್ಬೇಕು?”

“ಚೈತ್ರಂಗೆ?”

“ಅವ್ರ ಮನೆಯಿಂದ ಯಾರೂ ಬರ್ಲಿಲ್ವಲ್ಲ. ನೀವು ಹಾಕಿದ್ದೇ ಇರ್ಲಿ ಅಂತ ಬಿಟ್ಟೆ. ಈಗ ತಿದ್ದಕ್ಕಾಗಲ್ಲ ಸಾರ್, ಹೋಗಾಯ್ತು.”

ಅಷ್ಟೂ ಮಕ್ಕಳಲ್ಲಿ ಅವರ ನ್ಯಾಯ ತಗುಲಿದ್ದು ಒಬ್ಬಳಿಗೆ, ಅದೂ ಅವರು ಮೆಚ್ಚಿದವಳಿಗೆ. ಎರಡು ದಿನ ಊಟ ಸೇರಲಿಲ್ಲ. ಸೀತಾಲಕ್ಷ್ಮಿಯೂ ಏನೂ ಕೆಣಕಲಿಲ್ಲ.

ಮರುವಾರ ಚೈತ್ರ ಟಿ.ಸಿ. ತೆಗೆದುಕೊಳ್ಳಲು ಒಬ್ಬಳೇ ಬಂದಳು. ಬನಶಂಕರಿ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್ ಅಂತೆ. “ಫೀಸ್ ಕಟ್ಟಿ ಸೈನ್ಸ್ ಓದ್ಸಕ್ಕಾಗಲ್ಲ ಅಂದ್ರು ಸಾರ್ ಅಪ್ಪ” ಅಂದಳು. ಅಳಲಿಲ್ಲ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಕ್ಷಮಿಸು ಅಂದರು. ಮಗುವಿನ ಮುಂದೆ ಹಾಗೆ ಅಂದದ್ದು ಅದೇ ಮೊದಲು.

ಹುಡುಗಿ ಕೈಯಲ್ಲಿದ್ದ ಟಿ.ಸಿ.ಯಿಂದ ಕಣ್ಣೆತ್ತಿದಳು.

“ಅಜ್ಜಿ ಬಂದು ಕೇಳಿದ್ರೆ ಮೇಡಂ ನಂಗೂ ಹಾಕ್ತಿದ್ರಾ ಸಾರ್?”

“ಹಾಕ್ತಿದ್ರು.”

“ಅಜ್ಜಿ ಬರ್ತೀನಿ ಅಂತ ಸೀರೆ ಉಟ್ಕೊಂಡು ಹೊರ್ಟಿದ್ಲು ಸಾರ್, ಆ ಶನಿವಾರ. ನಾನೇ ತಡ್ದೆ. ಬದರಿನಾಥ್ ಸಾರ್ ಹಾಕಿದ್ರೆ ಸರಿಯಾಗೇ ಇರತ್ತೆ, ಕೇಳಕ್ಕೆ ಹೋದ್ರೆ ಅವ್ರಿಗೆ ಅವಮಾನ ಮಾಡ್ದಂಗೆ ಅಂತ ಹೇಳಿ ಕೂರಿಸ್ದೆ.”

ಮೇಷ್ಟ್ರು ತಲೆಯೆತ್ತಲಿಲ್ಲ. ಅವಳು ಟಿ.ಸಿ. ಮಡಿಸಿಕೊಂಡು ಮೆಟ್ಟಿಲಿಳಿದು ಹೋದಳು.