ಹಿಂದಿನ ಪಾತ್ರೆಯ ಊಟ

ಊರಿನ ಹಳೇ ಭಾಗದಲ್ಲಿ ಅವನನ್ನು ಎಲ್ಲರೂ ಕೊಡೆಯಣ್ಣ ಎನ್ನುತ್ತಾರೆ. ಮಡಿಸಿದ ಕೆಂಪು ಕೊಡೆಯೊಂದನ್ನು ತಲೆಯ ಮೇಲೆತ್ತಿ ಹಿಡಿದು, ಪ್ರವಾಸಿಗಳ ಹಿಂಡನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವುದು ಅವನ ಕಸುಬು. ಜೋರು ಮಳೆಯಲ್ಲೂ ಆ ಕೊಡೆ ಬಿಚ್ಚಿದ್ದನ್ನು ಕಂಡವರಿಲ್ಲ. ಆದ್ದರಿಂದ ಹೆಸರು ಬಂದದ್ದು ಕೊಡೆಯಿಂದಲೋ ಅಥವಾ ಯಾರು ಏನು ಕೇಳಿದರೂ ‘ಕೊಡೆ’ ಎನ್ನುವ ಅವನ ಗುಣದಿಂದಲೋ ಎಂಬ ವಿಷಯದಲ್ಲಿ ಊರಿನ ಗೈಡುಗಳಲ್ಲಿ ಎರಡು ಪಂಗಡಗಳಿವೆ.

ಕೊಡೆಯಣ್ಣನಿಗೆ ಪ್ರವಾಸಿಗಳನ್ನು ಕಂಡರೆ ಆಗದು. ದನದ ವ್ಯಾಪಾರಿಗೆ ದನದ ಮೇಲಾದರೂ ಒಂದಿಷ್ಟು ಮಮತೆ ಇದ್ದೀತು; ಇವನಿಗೆ ತನ್ನ ಹಿಂಡಿನ ಮೇಲೆ ಅದೂ ಇಲ್ಲ. ಕೋಟೆಯ ಬಾಗಿಲಲ್ಲಿ ನಿಂತು ‘ಕೋಟೆ ಎಲ್ಲಿದೆ?’ ಎನ್ನುವವರು, ಶಿಲ್ಪವನ್ನು ಸ್ವಲ್ಪವೂ ನೋಡದೆ ಅದರ ಮುಂದೆ ತಮ್ಮ ಮುಖ ನಿಲ್ಲಿಸಿ ಫೋಟೋ ಹೊಡೆದುಕೊಳ್ಳುವವರು, ಬೆಳಿಗ್ಗೆ ಪ್ರವಾಸಿಗಳಾಗಿ ಹೊರಟು ಮಧ್ಯಾಹ್ನವಾಗುತ್ತಲೇ ಉಪವಾಸಿಗಳಂತೆ ಮುಖ ಮಾಡುವವರು. ಇವರೆಲ್ಲರ ಬಾಯಲ್ಲೂ ಒಂದೇ ಮಾತು: ‘ಅದ್ಭುತ!’ ಬುರುಜು ಕಂಡರೂ ಅದ್ಭುತ, ಬಚ್ಚಲು ಕಂಡರೂ ಅದ್ಭುತ. ಆ ಶಬ್ದ ಕಿವಿಗೆ ಬಿದ್ದರೆ ಕೊಡೆಯಣ್ಣನಿಗೆ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತಿತ್ತು.

ಊರಿನ ಮೇಲೂ ಅವನಿಗೆ ದೊಡ್ಡ ಅಭಿಪ್ರಾಯವೇನಿಲ್ಲ. ಅರಮನೆಯ ಅರ್ಧ ಬಿದ್ದುಹೋಗಿರುವುದರಿಂದ ಅದನ್ನು ಅರೆಮನೆ ಎನ್ನುವುದೇ ಸರಿ ಎಂಬುದು ಅವನ ವಾದ. ರಾಣಿಯ ಕಿಟಕಿ ಎಂದು ಅವನು ದಿನವೂ ತೋರಿಸುವ ಕಿಟಕಿ ನಿಜವಾಗಿ ಉಗ್ರಾಣದ ಗಾಳಿಗಂಡಿ. ಯುದ್ಧಕ್ಕೆ ಹೋದ ರಾಜನಿಗಾಗಿ ರಾಣಿ ಅಲ್ಲಿ ನಿಂತು ನಿಂತು ಕಲ್ಲು ಸವೆಯಿತು ಎಂದು ಅವನು ಗದ್ಗದಿತನಾಗಿ ಹೇಳುತ್ತಾನೆ. ಸವೆಸಿದ್ದು ಮೂಟೆಗಳು. ಕೇಳುವವರಿಗೆ ಮೂಟೆಗಿಂತ ರಾಣಿ ಇಷ್ಟವಾದರೆ ತಾನೇನು ಮಾಡಲಿ ಎನ್ನುತ್ತಾನೆ.

ಈ ತಾತ್ಸಾರ ಅವನು ಕಲಿತದ್ದಲ್ಲ, ಮನೆತನದ ಆಸ್ತಿ. ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ಪಾಲಾಗದೆ ಇಬ್ಬರು ಮಕ್ಕಳಿಗೂ ಪೂರ್ತಿ ಬಂದದ್ದು ಅದೊಂದೇ. ಅಕ್ಕನ ಪಾಲಿಗಂತೂ ಬಡ್ಡಿ ಸಮೇತ ಬಂದಿತ್ತು. ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ತಮ್ಮನನ್ನು ಸಾಕಿದವಳು ಅವಳೇ. ಹೊಲಿಸಲು ಬಂದವರ ಬಟ್ಟೆ ಮಾತ್ರವಲ್ಲ, ಬಾಳನ್ನೂ ಕಣ್ಣಳತೆಯಲ್ಲೇ ಅಳೆದು ‘ಸಾಲದು’ ಎನ್ನುವವಳು. ಅವಳು ಯಾರನ್ನೂ ಹೊಗಳಿದ್ದಿಲ್ಲ. ತುಂಬಾ ಮೆಚ್ಚಿಗೆಯಾದರೆ ‘ಪರವಾಗಿಲ್ಲ’ ಎನ್ನುತ್ತಾಳೆ ಎಂದು ಸುದ್ದಿ ಇತ್ತು. ತಮ್ಮನ ಕಿವಿಗೆ ಮಾತ್ರ ಆ ಮಾತು ಒಮ್ಮೆಯೂ ಬಿದ್ದಿರಲಿಲ್ಲ. ಅವನು ಗೈಡ್ ಆದ ದಿನ ಅವಳು ಹೇಳಿದ್ದು ಇಷ್ಟೇ: “ಗೂಬೆ, ಬರೀ ಬಾಯಲ್ಲಿ ಯಾರಾದ್ರೂ ಹೊಟ್ಟೆ ತುಂಬಿಸ್ಕೋತಾರೇನೋ?”

ಅಂದಿನಿಂದ ಕೊಡೆಯಣ್ಣ ಪ್ರಪಂಚದ ಸಮಸ್ತರನ್ನೂ ತಿರಸ್ಕರಿಸುತ್ತ, ಒಬ್ಬಳ ಬಾಯಿಂದ ಒಂದು ‘ಪರವಾಗಿಲ್ಲ’ ಬರಲಿ ಎಂದು ಕಾಯುತ್ತಿದ್ದ.

ಅಕ್ಕ ಕೊನೆಗೂ ಬಂದಳು. ಅವಳ ಬೀದಿಯ ಹೆಂಗಸರೆಲ್ಲ ಸೇರಿ ಒಂದು ದಿನದ ಪ್ರವಾಸಕ್ಕೆ ಬಸ್ ಮಾಡಿಕೊಂಡಿದ್ದರು. ನೋಡಬೇಕೆಂಬ ಆಸೆಯಿಂದ ಅವಳು ಬಂದಳೆಂದು ಯಾರೂ ತಿಳಿಯಬಾರದು. ಸೀಟೊಂದು ಖಾಲಿ ಉಳಿದಿತ್ತು, ಅದು ದಂಡವಾಗುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಕೊಡೆಯಣ್ಣ ಆ ದಿನ ಅಂಗಿಗೆ ಇಸ್ತ್ರಿ ಹಾಕಿದ್ದ. ಅಕ್ಕ ಬಸ್ಸಿನಿಂದ ಇಳಿದವಳೇ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ನೋಡಿದಳು.

“ಯಾರೋ ಹೊಲಿದಿದ್ದು ಇದನ್ನ? ಕೋಪದಲ್ಲಿದ್ನಾ?”

“ರೆಡಿಮೇಡ್ ಅಕ್ಕಾ.”

“ಅದೇ ಅಂದ್ಕೊಂಡೆ. ಎತ್ತು ನಿನ್ನ ಕೊಡೆ. ಏನೇನಿದೆಯೋ ತೋರ್ಸು, ಮುಗಿದುಹೋಗ್ಲಿ.”

ಅವನು ಕೋಟೆ ತೋರಿಸಿದ. “ಇಷ್ಟು ಎತ್ತರ ಗೋಡೆ ಕಟ್ಟೂ ಸೋತ್ರಾ? ನಾಚಿಕೆಗೇಡು” ಎಂದಳು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದ್ದ ರಾಣಿಯ ನಿಲುವಂಗಿಯನ್ನು ತೋರಿಸಿದ. “ಎಡಗಡೆ ತೋಳು ಅರ್ಧ ಬೆರಳು ಗಿಡ್ಡ. ರಾಣಿ ಅಂದ್ಮೇಲೆ ಎರಡು ಸಲ ಅಳತೆ ತಗೋಬಾರ್ದಾ?” ಎಂದಳು. ಬೀದಿಯ ಹೆಂಗಸರು ‘ಅದ್ಭುತ’ ಎನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಆಕಳಿಕೆಯೆಂಬಂತೆ ಮುಚ್ಚಿಕೊಂಡರು. ಕೊಡೆಯಣ್ಣನಿಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷಗಳಲ್ಲಿ ಈ ಊರನ್ನು ತನ್ನ ಹಾಗೇ ನೋಡಿದವಳು ಇವಳೊಬ್ಬಳೇ ಎನ್ನಿಸಿತು.

ಅರಮನೆಯ ದರ್ಬಾರು ಹಾಲಿನಲ್ಲಿ ಅವನು ಸ್ವರ ತಗ್ಗಿಸಿ, ಇಲ್ಲಿ ಸಾವಿರ ದೀಪ ಉರಿಯುತ್ತಿತ್ತು, ಪರದೇಶದ ರಾಯಭಾರಿಗಳು ಮಂಡಿಯೂರುತ್ತಿದ್ದರು ಎಂದು ತನ್ನ ಬತ್ತಳಿಕೆಯ ಅತ್ಯುತ್ತಮ ಬಾಣಗಳನ್ನು ಬಿಡುತ್ತಿದ್ದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೆಲವನ್ನೇ ನೋಡುತ್ತಿದ್ದಳು.

“ಅದಿರ್ಲಿ. ಇಷ್ಟುದ್ದ ಹಾಲು, ಇದನ್ನ ಗುಡಿಸೋರ್ಯಾರು?”

ರಾಯಭಾರಿಗಳು ಮಂಡಿಯೂರಿದ ಸ್ಥಿತಿಯಲ್ಲೇ ಉಳಿದರು. ಕೊಡೆಯಣ್ಣ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಅದು... ಆಳುಗಳು ಅಕ್ಕಾ” ಎಂದ.

“ಆಳೋರ ಹೆಸರೆಲ್ಲ ಬಾಯಿಪಾಠ, ಆಳುಗಳ ವಿಷ್ಯ ಕೇಳಿದ್ರೆ ಬಾಯಿ ಬಂದ್.”

ಆದರೆ ರಾಣಿಯ ಕಿಟಕಿಯ ಹತ್ತಿರ, ಗದ್ಗದದ ಕಥೆ ಮುಗಿದು ಉಳಿದ ಹೆಂಗಸರು ಮೂಗೊರೆಸಿಕೊಳ್ಳುತ್ತಿದ್ದಾಗ, ಅವಳು ತಮ್ಮನ ಪಕ್ಕ ಬಂದು ಮೆಲ್ಲಗೆ “ಸುಳ್ಳು ತಾನೇ?” ಎಂದಳು.

“ಹೂಂ.”

“ನೀನೇ ಕಟ್ಟಿದ್ದಾ?”

“ಹೂಂ ಅಕ್ಕಾ.”

ಅವಳು ಕಿಟಕಿಯ ಸವೆದ ಕಲ್ಲನ್ನು ಮುಟ್ಟಿದಳು, ತಮ್ಮನನ್ನು ನೋಡಿದಳು, ತುಟಿಯ ಒಂದು ಮೂಲೆ ಏಳುವ ಹಾಗೆ ಕಂಡಿತು. “ಪ...” ಎಂದಳು. ಕೊಡೆಯಣ್ಣ ಕಿವಿಯನ್ನು ಅವಳತ್ತ ಬಾಗಿಸಿದ. “ಪಾದ ನೋಯ್ತಿದೆ, ಊಟ ಎಲ್ಲಿ?”

ಊಟ. ಅದು ಅವನ ಕೊನೆಯ ತುರುಫು.

ಆ ಊರಿನಲ್ಲಿ ಪ್ರವಾಸಿಗಳು ಉಣ್ಣುವುದು ಕೋಟೆ ಬಾಗಿಲ ಎದುರಿನ ದೊಡ್ಡ ಹೋಟೆಲಿನಲ್ಲಿ. ಅಲ್ಲಿ ಒಲೆಯ ಮೇಲೆ ಎರಡು ಪಾತ್ರೆಗಳಿರುತ್ತವೆ. ಮುಂದಿನ ಪಾತ್ರೆಯ ಸಾರು ಹಜಾರದಲ್ಲಿ ಕೂತ ಪ್ರವಾಸಿಗಳಿಗೆ. ಬಸ್ಸು ಬಂದಂತೆಲ್ಲ ಅದಕ್ಕೆ ನೀರೂ ಬರುತ್ತದೆ. ಯುದ್ಧಕ್ಕೆ ಹೊರಡುವ ಮುನ್ನ ರಾಜ ಇದೇ ಸಾರು ಉಣ್ಣುತ್ತಿದ್ದನೆಂದು ಕೊಡೆಯಣ್ಣನೇ ಕಥೆ ಕಟ್ಟಿದ್ದ. ಉಂಡ ಮೇಲೆ ಸಾವಿನ ಭಯ ಇರುತ್ತಿರಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ, ಅಷ್ಟೇ. ಹಿಂದಿನ ಪಾತ್ರೆ ಗಿರಾಕಿ ಕರೆತರುವ ಗೈಡುಗಳಿಗೆ. ಅದರಲ್ಲಿ ಮಾಂಸ ನಿಜವಾದ ಮಾಂಸ, ಮಸಾಲೆ ಅರೆದ ಮಸಾಲೆ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಗೈಡುಗಳು ಮಾತ್ರ ಅದನ್ನು ಉಣ್ಣಬೇಕು. ಹೊರಗಿನವರಿಗೆ ಅದರ ವಾಸನೆಯೂ ತಾಗಕೂಡದು.

ಆ ಕೋಣೆಯಲ್ಲಿ ಒಂದು ಆಟವೂ ಇತ್ತು. ಆ ದಿನ ತಮ್ಮ ತಮ್ಮ ಹಿಂಡು ಕೇಳಿದ ಅತಿ ಪೆದ್ದು ಪ್ರಶ್ನೆಯನ್ನು ಒಬ್ಬೊಬ್ಬರೂ ಹೇಳಬೇಕು. ಹೆಚ್ಚು ನಗಿಸಿದವನಿಗೆ ಪಾತ್ರೆಯ ತಳದ ದೊಡ್ಡ ತುಂಡು. ಆ ತುಂಡು ಹೆಚ್ಚಾಗಿ ಕೊಡೆಯಣ್ಣನ ತಟ್ಟೆಗೇ ಬೀಳುತ್ತಿತ್ತು.

ಅಕ್ಕನೊಬ್ಬಳನ್ನು ಮಾತ್ರ ಆ ಕೋಣೆಗೆ ಕರೆತರುತ್ತೇನೆ ಎಂದು ಅವನು ಹೋಟೆಲ್ ಧಣಿಯ ಕೈಕಾಲು ಹಿಡಿದು ಬೆಳಿಗ್ಗೆಯೇ ಒಪ್ಪಿಸಿದ್ದ. ಹಿಂದಿನ ಪಾತ್ರೆಯ ಒಂದು ತುತ್ತು ಬಾಯಿಗೆ ಬಿದ್ದರೆ ಅಕ್ಕ ‘ಪರವಾಗಿಲ್ಲ’ ಎನ್ನದೆ ಎಲ್ಲಿಗೆ ಹೋಗುತ್ತಾಳೆ?

ಆದರೆ ಮನುಷ್ಯನ ಕಾಲಿಗೆ ತಲೆ ಇರುವುದಿಲ್ಲ, ಅಭ್ಯಾಸ ಇರುತ್ತದೆ. ಹೋಟೆಲಿನ ಬಾಗಿಲಿಗೆ ಬರುತ್ತಲೇ ಕೊಡೆಯಣ್ಣನ ಕೈ ತಾನಾಗಿ ಕೊಡೆಯನ್ನು ಮೂಲೆಯಲ್ಲಿ ಇಟ್ಟಿತು. ಬಾಯಿ ತಾನಾಗಿ “ನಿಧಾನವಾಗಿ ಊಟ ಮಾಡಿ, ಆಮೇಲೆ ಸಿಗೋಣ” ಎಂದಿತು. ಕಾಲುಗಳು ತಾವಾಗಿ ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಹೋದವು. ಬಾಗಿಲೂ ತಾನಾಗಿ ಮುಚ್ಚಿಕೊಂಡಿತು.

ಒಳಗೆ ಆಟ ನಡೆದೇ ಇತ್ತು. ಕಪ್ಪು ಕನ್ನಡಕದ ಗೈಡ್, ಕಂದಕದಲ್ಲಿ ಈಜಬಹುದೇ ಎಂದು ಕೇಳಿದ ಗಂಡಸಿನ ಕಥೆ ಹೇಳಿ ಮುಗಿಸಿದ್ದ. ತಟ್ಟೆಯ ಮುಂದೆ ಕೂತದ್ದೇ ತಡ, ಕೊಡೆಯಣ್ಣನಿಗೆ ಹುರುಪು ಬಂತು.

“ಅದೇನು ಬಿಡ್ರೋ. ನನ್ನ ಹಿಂಡಲ್ಲಿ ಒಬ್ಬಳು ಮುದುಕಿ ಇದಾಳೆ. ದರ್ಬಾರು ಹಾಲಲ್ಲಿ ನಾನು ಸಾವಿರ ದೀಪ ಹಚ್ಚಿ, ರಾಯಭಾರಿಗಳನ್ನ ಮಂಡಿ ಮೇಲೆ ನಿಲ್ಸಿದೀನಿ. ಮುದುಕಿ ಸೊಂಟದ ಮೇಲೆ ಕೈಯಿಟ್ಟು” — ಅವನು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೂಗು ಮುರಿದ — “ ‘ಅದಿರ್ಲಿ, ಇದನ್ನ ಗುಡಿಸೋರ್ಯಾರು?’ ”

ಕೋಣೆ ಬಿದ್ದು ಬಿದ್ದು ನಕ್ಕಿತು. ಕಪ್ಪು ಕನ್ನಡಕದವನ ನೆತ್ತಿಗೆ ಸಾರು ಹತ್ತಿತು. ಅಡುಗೆಯವನು ಪಾತ್ರೆಯ ತಳಕ್ಕೆ ಸೌಟು ಇಳಿಸಿ, ದೊಡ್ಡ ತುಂಡನ್ನು ತಂದು ತಟ್ಟೆಗೆ ಹಾಕಿದ. ಕೊಡೆಯಣ್ಣ ಗೆದ್ದ ತುಂಡನ್ನು ಬಾಯಿಯವರೆಗೆ ಎತ್ತಿದವನು ಅಲ್ಲೇ ನಿಂತುಬಿಟ್ಟ. ಸೊಂಟದ ಮೇಲಿನ ಆ ಕೈ ಯಾರದೆಂದು ಅವನಿಗೆ ಆಗ ನೆನಪಾಯಿತು.

ತುಂಡನ್ನು ತಟ್ಟೆಗೆ ಹಾಕಿ ಹೊರಗೆ ಓಡಿದ.

ಹಜಾರದಲ್ಲಿ ಅಕ್ಕ ಮುಂದಿನ ಪಾತ್ರೆಯ ಸಾರನ್ನು ಅನ್ನದ ಮೇಲೆ ಸುರಿದುಕೊಂಡು ಮುಗಿಸುತ್ತ ಬಂದಿದ್ದಳು. ಅನ್ನ ಬಿಟ್ಟು ಏಳುವ ಜಾತಿಯವಳಲ್ಲ ಅವಳು. ತಮ್ಮನನ್ನು ಕಂಡು ಪಕ್ಕದ ಕುರ್ಚಿ ಎಳೆದಳು. ಅವಳ ಮುಖದಲ್ಲಿ ಅವನು ಎಂದೂ ಕಾಣದ ಭಾವವೊಂದಿತ್ತು.

“ದಿನಾ ಇದನ್ನೇ ತಿಂತೀಯೇನೋ?”

ಹೌದೆಂದರೆ ಸುಳ್ಳು, ಅಲ್ಲವೆಂದರೆ ಅಕ್ಕನನ್ನು ಹೊರಗೆ ಕೂರಿಸಿ ಒಳಗೆ ತಿಂದವನಾಗುತ್ತಾನೆ. “ಹೂಂ” ಎಂದ.

“ಪಾಪ” ಎಂದಳು ಅಕ್ಕ.

ಕೊಡೆಯಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ಅವನನ್ನು ಗೂಬೆ ಎಂದಿದ್ದಳು, ದಂಡಪಿಂಡ ಎಂದಿದ್ದಳು, ಪಾಪ ಎಂದಿರಲಿಲ್ಲ. ಅದು ಆ ಮನೆಯಲ್ಲಿ ಕುಂಟು ನಾಯಿಗೂ ಪಕ್ಕದ ಮನೆಯವರಿಗೂ ಮೀಸಲಾಗಿದ್ದ ಮಾತು.

ಅಷ್ಟರಲ್ಲಿ ಅಡುಗೆಯವನು ತಟ್ಟೆ ಹಿಡಿದುಕೊಂಡು ಹಿಂದೆಯೇ ಬಂದ. ಅವನು ಒಲೆಯ ಮುಂದೆ ಜಾಣ, ಮನುಷ್ಯರ ಮುಂದೆ ಅಲ್ಲ.

“ಕೊಡೆಯಣ್ಣಾ, ಗೆದ್ದ ತುಂಡು ಬಿಟ್ಟು ಬಂದ್ರಲ್ಲ!”

ಸಾರಿನ ಘಮ ಮೇಜಿನುದ್ದಕ್ಕೂ ಹರಡಿತು. ಹೆಂಗಸರೆಲ್ಲ ಮೂಗೆತ್ತಿದರು. ಅಕ್ಕ ತಟ್ಟೆಯನ್ನೂ ತನ್ನ ತಟ್ಟೆಯನ್ನೂ ನೋಡಿದಳು.

“ಏನು ಗೆದ್ದಿದ್ದು ಇವನು?”

“ಈ ದಿನದ ಪೆದ್ದು ಪ್ರಶ್ನೆ ಅಮ್ಮಾ” ಎಂದ ಅಡುಗೆಯವನು ಸಂತೋಷವಾಗಿ. “ಅರಮನೆ ಗುಡಿಸೋರ್ಯಾರು ಅಂತ ಯಾರೋ ಮುದುಕಿ ಕೇಳಿದ್ಳಂತೆ. ಏನು ಆಕ್ಟಿಂಗ್ ಮಾಡಿದ್ರು ಅಂತೀರಾ! ಹೀಗೆ, ಸೊಂಟದ ಮೇಲೆ ಕೈಯಿಟ್ಟು...”

ಆಗ ಅಕ್ಕನ ಕೈ ಸೊಂಟದ ಮೇಲೆಯೇ ಇತ್ತು. ಅಡುಗೆಯವನು ಅದನ್ನು ನೋಡಿದ. ಅವನ ಕೈ ಸೊಂಟದಿಂದ ಮೆಲ್ಲಗೆ ಜಾರಿತು.

ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ದೊಡ್ಡ ತುಂಡನ್ನು ಎತ್ತಿಕೊಂಡಳು.

“ಪ್ರಶ್ನೆ ನಂದು. ತುಂಡೂ ನಂದೇ.”

ನಿಧಾನವಾಗಿ ಅಗಿದಳು. ಮೂಳೆ ಚೀಪಿದಳು. ಬೆರಳು ನೆಕ್ಕಿದಳು. ಕೊಡೆಯಣ್ಣ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಬೈಗುಳಕ್ಕೆ ಕಾಯುತ್ತಿದ್ದನೋ ಇನ್ನೇನಕ್ಕೋ ಅವನಿಗೇ ಗೊತ್ತಿರಲಿಲ್ಲ. ಅಕ್ಕ ತಲೆಯೆತ್ತಿದಳು.

“ಪರವಾಗಿಲ್ಲ” ಎಂದಳು, ಅಡುಗೆಯವನಿಗೆ.

ಆಮೇಲೆ ತಮ್ಮನ ಕಡೆ ತಿರುಗಿದಳು. “ಲೋ ಗೂಬೆ. ಅಕ್ಕನ್ನ ಹೊರಗೆ ಕೂರ್ಸಿ ಒಳಗೆ ಮುಕ್ಕಿದ್ಯಲ್ಲ, ಅದನ್ನ ಬಿಟ್ಟೆ. ನನ್ನ ಹಾಗೆ ಆಡಿ ತೋರ್ಸಿದ್ಯಲ್ಲ, ಅದನ್ನೂ ಬಿಟ್ಟೆ. ಅಷ್ಟಕ್ಕೆ ಒಂದೇ ತುಂಡು ಗೆದ್ಯಾ? ಇಷ್ಟೇನಾ ನಿನ್ನ ವಿದ್ಯೆ?” ಎದ್ದು ನಿಂತು ಹೆಂಗಸರಿಗೆ ಹೇಳಿದಳು: “ಏಳ್ರೇ. ನಿಜವಾದ ಊಟ ಒಳಗಿದೆ.”

ಅಡುಗೆಮನೆಯ ಬಾಗಿಲಲ್ಲಿ ಧಣಿ ಅಡ್ಡ ನಿಂತು “ಅಮ್ಮಾ, ಅದು ಗೈಡುಗಳಿಗೆ ಮಾತ್ರ” ಎಂದ. ಅಕ್ಕ ಮೂಲೆಯಲ್ಲಿದ್ದ ಕೆಂಪು ಕೊಡೆಯನ್ನು ಎತ್ತಿಕೊಂಡು ತಲೆಯ ಮೇಲೆ ಹಿಡಿದಳು. “ಈಗ?” ಎಂದಳು. ಬೀದಿಯ ಹೆಂಗಸರು ಕೊಡೆಯ ಹಿಂದೆ ಸಾಲಾಗಿ ಒಳಗೆ ನಡೆದರು. ಉಳಿದ ಗೈಡುಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಹಿಂದಿನ ಪಾತ್ರೆಯ ತಳ ಕಾಣುವವರೆಗೆ ಯಾರೂ ಹೊರಗೆ ಬರಲಿಲ್ಲ. ತಡವಾಗಿ ಬಂದ ಗೈಡುಗಳಿಗೆ ಆ ದಿನ ರಾಜನ ಸಾರೇ ಗತಿಯಾಯಿತು.

ಸಂಜೆ ಬಸ್ಸಿನ ಕಿಟಕಿಯಿಂದ ಅಕ್ಕ ಕೊಡೆಯನ್ನು ವಾಪಸು ಕೊಟ್ಟಳು.

“ಊರು ಹೇಗಿತ್ತಕ್ಕಾ?” ಎಂದ ಕೊಡೆಯಣ್ಣ. ಅವನು ಕೇಳಿದ್ದು ಊರಿನ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಅಡುಗೆಯವನಿಗೆ ಮದುವೆ ಆಗಿದೆಯಾ ಕೇಳು. ನಮ್ಮ ಬೀದೀಲಿ ಒಳ್ಳೆ ಹುಡುಗೀರಿದ್ದಾರೆ” ಎಂದಳು. ಬಸ್ಸು ಹೊರಟಿತು.

ಮರುದಿನ ಮಧ್ಯಾಹ್ನ ಅವನ ಕಾಲುಗಳು ಅಭ್ಯಾಸದಂತೆ ಅಡುಗೆಮನೆಯ ಕಡೆಗೆ ನಡೆದಾಗ ಧಣಿ ಹಜಾರದ ಕುರ್ಚಿಯೊಂದನ್ನು ತೋರಿಸಿದ. ಒಳಗೆ ಬಾಗಿಲು ಹಾಕಿತ್ತು. ಅದರ ಹಿಂದಿನಿಂದ ನಗು ಕೇಳಿಸುತ್ತಿತ್ತು. ಯಾರೋ ಆ ದಿನದ ಪೆದ್ದನ ಕಥೆ ಹೇಳುತ್ತಿದ್ದರು. ಆ ಪೆದ್ದ ಯಾರೆಂದು ಊಹಿಸಲು ಕೊಡೆಯಣ್ಣನಿಗೆ ಕಷ್ಟವಾಗಲಿಲ್ಲ. ಅವನು ತನ್ನ ಹಿಂಡಿನ ನಡುವೆ ಕೂತ. ತಟ್ಟೆಗೆ ಮುಂದಿನ ಪಾತ್ರೆಯ ಸಾರು ಬಿತ್ತು. ಒಂದು ಚಮಚ ಬಾಯಿಗೆ ಇಟ್ಟ.

ಎದುರು ಕೂತಿದ್ದ, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡ ದಪ್ಪ ಮನುಷ್ಯ ಆಸೆಯಿಂದ ಮುಂದಕ್ಕೆ ಬಾಗಿದ. “ಇದೇ ಅಲ್ವಾ ಸಾರ್ ರಾಜ ಉಣ್ತಿದ್ದ ಸಾರು? ಹೇಗಿದೆ?”

ಕೊಡೆಯಣ್ಣನ ನಾಲಗೆಯ ತುದಿಗೆ ಅಕ್ಕ ತನಗೆ ಕೊಡದ ಆ ಮಾತು ಬಂತು. ಅದನ್ನು ಈ ಸಾರಿಗೆ, ಈ ಮನುಷ್ಯನಿಗೆ ಖರ್ಚು ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಸಾರಿನ ಜೊತೆಗೇ ನುಂಗಿಕೊಂಡ.

“ಅದ್ಭುತ” ಎಂದ.